ಶುಶ್ರೂಷೆ, ಭಿಕ್ಷೆ, ಬಿಟ್ಟಿ: ನಾಯಕನಹಟ್ಟಿಯ ಸೀಮೆಯಲ್ಲಿ ಕಿಶೋರರ ಸೇವಾಮಾರ್ಗ

ಹದಿಮೂರರಿಂದ ಹತ್ತೊಂಬತ್ತರವರೆಗಿನ ವಯಸ್ಸಿಗೆ ಕನ್ನಡದಲ್ಲಿ ‘ಹದಿಹರೆಯ’ವೆಂಬ ಹೆಸರು ಸಲ್ಲುವುದು. ಈ ವಯಸ್ಸಿನ ಬಾಲಕ ಬಾಲಿಕೆಯರು ಲೋಕೋಪಯೋಗಿಯಾದ ಕಾರ್ಯದಲ್ಲಿ ಕೊಂಚ ಕಾಲವನ್ನಾದರೂ ವಿನಿಯೋಗಿಸಬೇಕೆಂಬುದನ್ನು ಒಪ್ಪದವರು ವಿರಳ. ಆದರೆ ಎಂತಹ ಕಾರ್ಯ, ಯಾರ ಆಶ್ರಯದಲ್ಲಿ, ಎಷ್ಟು ಕಾಲ, ಯಾವ ಮರ್ಯಾದೆಗೊಳಪಟ್ಟು ಎಂಬ ಪ್ರಶ್ನೆಗಳು ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯನ ಮುಂದೆ ಬಂದು ನಿಂತಾಗ ಉತ್ತರವು ಸುಲಭವಾಗಿ ದೊರೆಯುವುದಿಲ್ಲ. ದೊಡ್ಡ ನಗರಗಳಲ್ಲಿ ಆಸ್ಪತ್ರೆ, ಅನಾಥಾಶ್ರಮ, ವೃದ್ಧಾಶ್ರಮ ಮುಂತಾದ ಸಂಸ್ಥೆಗಳು ಸ್ವಯಂಸೇವಕರನ್ನು ತಾವೇ ಕರೆಯುವುದುಂಟು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಂತಹ ಒಣಸೀಮೆಯಲ್ಲಿ ಹಾಗೆ ಕರೆಯುವವರು ಕಡಿಮೆ. ಕರೆಯುವವರು ಕಡಿಮೆಯೆಂದ ಮಾತ್ರಕ್ಕೆ ಸೇವೆಗೆ ಆಸ್ಪದವೂ ಕಡಿಮೆಯೆಂದು ತಿಳಿಯಲಾಗದು. ಈ ಸೀಮೆಯ ಶಾಸನಗಳಲ್ಲಿಯೂ ಐತಿಹ್ಯಗಳಲ್ಲಿಯೂ ಸೇವೆಯ ವಿಚಾರವು ಬಹು ಹಿಂದಿನಿಂದ ಅಡಗಿದೆ. ಅದನ್ನು ಬಿಡಿಸಿ ನೋಡಿದರೆ ಇಂದಿನ ಕಿಶೋರರಿಗೆ ತಕ್ಕ ಕಾರ್ಯಗಳಾವುವು, ತಗದವಾವುವು ಎಂಬ ವಿವೇಕವು ತಾನಾಗಿಯೇ ಸ್ಫುಟವಾಗುವುದು.

೧. ಪದವಿಚಾರ

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿದ ಆಜ್ಞೆಯದು. ತಂದೆತಾಯಿಗಳ ಮಾತಿನಂತೆ ನಡೆಯಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನೇ ನುಡಿಯಬೇಕು, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ವರ್ತಿಸಬೇಕು, ಇದು ಪುರಾತನವಾದ ನಡವಳಿಕೆ ಎಂಬುದು ಅದರ ತಾತ್ಪರ್ಯ. ಈ ನಾಡಿನಲ್ಲಿ ದೊರೆತಿರುವ ಅತಿ ಪ್ರಾಚೀನ ಬರಹಗಳಲ್ಲೊಂದು ಗುರುಕುಲದ ಕಿಶೋರನ ಕರ್ತವ್ಯವನ್ನು ಹೇಳುತ್ತಿರುವುದು ಗಮನಾರ್ಹ.

ತಂದೆತಾಯಿಗಳ ವಿಷಯದಲ್ಲಿ ಆ ಶಾಸನವು ಬಳಸಿರುವ ಪ್ರಾಕೃತ ಕ್ರಿಯಾಪದವು ಸಂಸ್ಕೃತದ ‘ಶುಶ್ರೂಷಾ’ ಶಬ್ದಕ್ಕೆ ಸಂಬಂಧಿಸಿದುದು. ‘ಶ್ರು’ ಎಂದರೆ ಕೇಳು. ಅದಕ್ಕೆ ಇಚ್ಛಾರ್ಥದ ಸನ್ ಪ್ರತ್ಯಯವು ಸೇರಿ ‘ಶುಶ್ರೂಷಾ’ ಎಂದಾಗುವುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಕೇಳುವ ಇಚ್ಛೆಯಿಂದ ವಿಧೇಯತೆಯೂ, ವಿಧೇಯತೆಯಿಂದ ಪರಿಚರ್ಯೆಯೂ ಅರ್ಥವಾಗಿ ಬೆಳೆದು, ಕನ್ನಡದಲ್ಲಿ ಆ ಪದವು ಇಂದು ರೋಗಿಯ ಆರೈಕೆಯನ್ನು ಹೆಚ್ಚಾಗಿ ಸೂಚಿಸುತ್ತದೆ. ಅರ್ಥವು ಸಂಕೋಚಗೊಂಡರೂ ಮೂಲದ ಉಪದೇಶವು ನಷ್ಟವಾಗಿಲ್ಲ. ಸೇವೆ ಮಾಡಹೊರಟವನು ಮೊದಲು ಕಿವಿಗೊಡಬೇಕು. ಸೇವ್ಯನಿಗೆ ಏನು ಬೇಕೆಂಬುದನ್ನು ಅವನ ಬಾಯಿಂದಲೇ ತಿಳಿಯಬೇಕು.

‘ಭಿಕ್ಷಾ’ ಶಬ್ದವೂ ಇದೇ ಜಾತಿಯದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಧಾತುಪಾಠವು ‘ಭಿಕ್ಷ್’ ಎಂಬುದನ್ನು ಪ್ರತ್ಯೇಕ ಧಾತುವಾಗಿ ಪಠಿಸಿದ್ದರೂ, ಆಧುನಿಕರು ಅದನ್ನು ಹಂಚು ಎಂಬರ್ಥದ ‘ಭಜ್’ ಧಾತುವಿನ ಇಚ್ಛಾರ್ಥಕ ರೂಪವೆಂದು ಎಣಿಸುವರು. ಆಗ ಭಿಕ್ಷೆಯೆಂದರೆ ಪಾಲನ್ನು ಬಯಸುವಿಕೆ ಎಂದಾಗುವುದು. ಬ್ರಹ್ಮಚಾರಿಯು ಮನೆಮನೆಯಲ್ಲಿ ಬೇಡಿದುದು ಊರಿನ ಅನ್ನದಲ್ಲಿ ತನಗೊಂದು ಪಾಲನ್ನು. ಊರು ಆ ಪಾಲನ್ನು ಕೊಟ್ಟು ಅವನನ್ನು ಓದಿಸಿತು. ಓದಿದವನ ವಿದ್ಯೆಯಲ್ಲಿ ಊರಿಗೂ ಒಂದು ಪಾಲು ಸಂದಿತು. ಇಂದಿನ ವಿದ್ಯಾರ್ಥಿಯ ಶಾಲೆ, ಪುಸ್ತಕ, ಮಧ್ಯಾಹ್ನದ ಊಟ ಇವೆಲ್ಲವೂ ಪರೋಕ್ಷವಾಗಿ ಊರಿನ ಪಾಲೇ ಆಗಿರುವುದರಿಂದ, ಅವನು ಮಾಡುವ ಸೇವೆಯನ್ನು ಉಪಕಾರವೆನ್ನುವುದಕ್ಕಿಂತ ಋಣಶೋಧನವೆನ್ನುವುದೇ ಯುಕ್ತ.

ಮೂರನೆಯದು ‘ಬಿಟ್ಟಿ’. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೂಲಿಯಿಲ್ಲದೆ ಬಲಾತ್ಕಾರದಿಂದ ಮಾಡಿಸಿಕೊಳ್ಳುವ ಕೆಲಸವೇ ವಿಷ್ಟಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಪ್ರಸ್ತಾಪವಿದೆ. ಕನ್ನಡ ಶಾಸನಗಳಲ್ಲಿ ತೆರಿಗೆಗಳ ಜೊತೆಯಲ್ಲಿ ಬಿಟ್ಟಿಯ ಹೆಸರೂ ಬರುವುದುಂಟು. ಆಡುಮಾತಿನಲ್ಲಿ ‘ಬಿಟ್ಟಿ ಸಿಕ್ಕಿತು’ ಎಂದರೆ ಹಣ ಕೊಡದೆ ದೊರೆಯಿತೆಂದರ್ಥ. ಪಡೆದವನಿಗೆ ಹಿತವಾದ ಈ ಪದವು ಮಾಡಿದವನ ಬೆನ್ನಿನ ನೋವನ್ನು ಮರೆಸಿಬಿಟ್ಟಿದೆ. ಶುಶ್ರೂಷೆಗೂ ಬಿಟ್ಟಿಗೂ ಹೊರನೋಟದಲ್ಲಿ ಭೇದವು ಕಾಣದು. ಎರಡರಲ್ಲಿಯೂ ದುಡಿಮೆಯುಂಟು, ಎರಡರಲ್ಲಿಯೂ ವೇತನವಿಲ್ಲ. ಇಚ್ಛೆಯಿದ್ದಲ್ಲಿ ಶುಶ್ರೂಷೆ, ಇಚ್ಛೆಯಿಲ್ಲದಲ್ಲಿ ಬಿಟ್ಟಿ. ಕಿಶೋರರ ಸೇವೆಯನ್ನು ಕುರಿತ ಸಮಸ್ತ ವಿಚಾರವೂ ಈ ಒಂದು ಭೇದದ ಮೇಲೆ ನಿಂತಿದೆ.

೨. ನಾಯಕನಹಟ್ಟಿಯ ಐತಿಹ್ಯ

ನಾಯಕನಹಟ್ಟಿಯು ಚಳ್ಳಕೆರೆ ತಾಲ್ಲೂಕಿಗೆ ಸೇರಿದ ಊರು. ವಿಧಾನಸಭೆಯ ಚುನಾವಣೆಗೆ ಮಾತ್ರ ಮೊಳಕಾಲ್ಮುರು ಕ್ಷೇತ್ರಕ್ಕೆ ಸೇರುವುದು. ಪಾಳೆಯಗಾರರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ತಿಪ್ಪೇರುದ್ರಸ್ವಾಮಿಗಳ ಒಳಮಠ ಊರೊಳಗೂ, ಹೊರಮಠ ಊರ ಹೊರಗೂ ಇವೆ. ಈ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರುಗಳು ಹಲವು ಜಾತಿಗಳಲ್ಲಿ ಕಾಣುವುದು ಆ ಹೆಸರಿನ ವ್ಯಾಪ್ತಿಗೆ ಸಾಕ್ಷಿ. ವರ್ಷವೊಂದಕ್ಕೆ ಸರಾಸರಿ 500 ಮಿಲಿಮೀಟರಷ್ಟು ಮಳೆಯೂ ಬೀಳದ ಈ ನೆಲದಲ್ಲಿ ಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂದು ಜನರು ಹೇಳುವರು. ನಾಯಕನಹಟ್ಟಿಯ ದೊಡ್ಡಕೆರೆ, ಚಿಕ್ಕಕೆರೆಗಳು ಆ ಸ್ಮರಣೆಯೊಡನೆ ಹೆಣೆದುಕೊಂಡಿವೆ.

ಧರ್ಮಶಾಸ್ತ್ರಕಾರರು ಪುಣ್ಯಕರ್ಮಗಳನ್ನು ಇಷ್ಟ, ಪೂರ್ತ ಎಂದು ಎರಡಾಗಿ ವಿಭಾಗಿಸಿರುವರು. ಯಜ್ಞಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ಅನ್ನದಾನ, ತೋಪು ಇವು ಪೂರ್ತ. ಇಷ್ಟದಲ್ಲಿ ಅಧಿಕಾರವಿಲ್ಲದವರಿಗೂ ಪೂರ್ತದಲ್ಲಿ ಅಧಿಕಾರವನ್ನು ಹೇಳಿರುವುದರಿಂದ, ಲೋಕಸೇವೆಯು ಎಲ್ಲರಿಗೂ ತೆರೆದ ಧರ್ಮವಾಯಿತು. ಶಿವಶರಣರು ಅದನ್ನು ಇನ್ನೂ ಮುಂದಕ್ಕೊಯ್ದು ಕಾಯಕ, ದಾಸೋಹ ಎಂಬ ಎರಡು ತತ್ತ್ವಗಳಾಗಿ ನೆಲೆಗೊಳಿಸಿದರು. ಕಾಯದಿಂದ ಮಾಡುವುದು ಕಾಯಕ. ‘ದಾಸನು ನಾನು’ ಎಂಬ ಭಾವದಿಂದ ಹಂಚುವುದು ದಾಸೋಹ. ಮಾಡುವುದಿಲ್ಲದೆ ಹಂಚುವುದಕ್ಕೆ ವಸ್ತುವಿಲ್ಲ. ಹಂಚದೆ ಮಾಡುವುದಕ್ಕೆ ಸಾರ್ಥಕತೆಯಿಲ್ಲ.

ತಿಪ್ಪೇರುದ್ರಸ್ವಾಮಿಗಳದೆಂದು ಮನೆಮಾತಾಗಿರುವ ನುಡಿ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು. ಇದರೊಡನೆ ಒಂದು ಐತಿಹ್ಯವು ಸೇರಿಕೊಂಡಿದೆ. ಕೆರೆಯ ಕೆಲಸ ಮಾಡಿದ ಕೂಲಿಯಾಳುಗಳು ಸಂಜೆ ಮರಳಿನ ರಾಶಿಯಿಂದ ತಮ್ಮ ಕೂಲಿಯನ್ನು ತೆಗೆದುಕೊಳ್ಳುತ್ತಿದ್ದರಂತೆ. ಯಾರು ಎಷ್ಟು ದುಡಿದಿದ್ದರೋ ಅಷ್ಟೇ ಅವರ ಕೈಗೆ ಬರುತ್ತಿತ್ತಂತೆ. ಪವಾಡದ ಅಂಶವನ್ನು ಭಕ್ತರ ಶ್ರದ್ಧೆಗೆ ಬಿಟ್ಟು ಉಳಿದುದನ್ನು ವಿಚಾರಿಸಿದರೆ ಎರಡು ಸಂಗತಿಗಳು ಹೊರಡುವುವು. ಮೊದಲನೆಯದು, ಕೆರೆಯು ಪುಣ್ಯಕಾರ್ಯವಾಗಿದ್ದರೂ ಅದರಲ್ಲಿ ದುಡಿದವರಿಗೆ ಕೂಲಿ ಸಂದಿತು. ಪುಣ್ಯದ ಹೆಸರಿನಲ್ಲಿ ಬಿಟ್ಟಿಯನ್ನು ಯಾರಿಂದಲೂ ಪಡೆಯಲಿಲ್ಲ. ಎರಡನೆಯದು, ಕೂಲಿಗೆ ಅಳತೆಯಾದುದು ದುಡಿಮೆಯೇ ಹೊರತು ದುಡಿದವನ ಜಾತಿಯಾಗಲಿ ಮುಖದಾಕ್ಷಿಣ್ಯವಾಗಲಿ ಅಲ್ಲ. ಈ ಎರಡನ್ನೂ ಮರೆತು ಆ ನುಡಿಯನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದರಿಂದ ಫಲವಿಲ್ಲ.

೩. ಸಂಘಗಳು

ಕಿಶೋರರನ್ನು ಸಂಘಟಿಸಿ ಸೇವೆಗೆ ತೊಡಗಿಸುವ ಆಧುನಿಕ ಪದ್ಧತಿಯಲ್ಲಿ ಕರ್ನಾಟಕಕ್ಕೆ ಗಣ್ಯವಾದ ಸ್ಥಾನವಿದೆ. ಭಾರತದಲ್ಲಿ ಸ್ಕೌಟ್ ಚಳವಳಿಯು 1909ರಲ್ಲಿ ಬೆಂಗಳೂರಿನಲ್ಲಿ ಮೊದಲಾಯಿತು; ಆರಂಭದಲ್ಲಿ ಅದು ಐರೋಪ್ಯರ ಮಕ್ಕಳಿಗೆ ಮೀಸಲಾಗಿದ್ದು ಕ್ರಮೇಣ ದೇಶೀಯ ಬಾಲಕರಿಗೂ ತೆರೆಯಿತು. ದೇಶದ ಬೇರೆ ಬೇರೆ ಸಂಘಗಳು 1950ರ ನವೆಂಬರ್ 7ರಂದು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರನ್ನು ತಾಳಿದುವು. ಡಾಕ್ಟರ್ ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಸ್ಥಾಪಿಸಿದ ಹಿಂದೂಸ್ಥಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಮಹಾತ್ಮರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿಯ ಅಧಿವೇಶನದಲ್ಲಿ ತರುಣ ಸ್ವಯಂಸೇವಕರ ಶಿಸ್ತು ಎಲ್ಲರ ಗಮನವನ್ನು ಸೆಳೆಯಿತು.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. ನೆರೆಯ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು ಅವರೇ. ಸುಮಾರು 40,000 ವಿದ್ಯಾರ್ಥಿಗಳಿಂದ ಹೊರಟ ಈ ಯೋಜನೆಯು ಅನಂತರ ಪದವಿಪೂರ್ವ ತರಗತಿಗಳಿಗೂ ವಿಸ್ತರಿಸಿತು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಿ, ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕೆಂಬುದು ನಿಯಮ. ಲೆಕ್ಕ ಹಾಕಿದರೆ ವಾರಕ್ಕೆ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ.

ಪ್ರೌಢಶಾಲೆಯವರಿಗೆ ಸ್ಕೌಟು, ಗೈಡು, ಕಿರಿಯರ ರೆಡ್ ಕ್ರಾಸ್. ಪದವಿಪೂರ್ವದವರಿಗೆ ಸೇವಾ ಯೋಜನೆ. ಹೀಗೆ ಸಂಘಗಳು ಉಂಟು. ಸಂಘವು ಶಿಸ್ತನ್ನೂ ಸಮವಸ್ತ್ರವನ್ನೂ ಪ್ರಮಾಣಪತ್ರವನ್ನೂ ಕೊಡಬಲ್ಲುದು. ಊರಿಗೆ ಬೇಕಾದ ಕೆಲಸ ಯಾವುದೆಂಬುದನ್ನು ಅದು ಹೇಳಲಾರದು. ಅದನ್ನು ಊರೇ ಹೇಳಬೇಕು, ಉಪಾಧ್ಯಾಯನು ಕೇಳಿ ತಿಳಿಯಬೇಕು.

೪. ಈ ಸೀಮೆಯ ಕಾರ್ಯಗಳು

ಮೊದಲನೆಯದು ಜಾತ್ರೆ. ಫಾಲ್ಗುಣ ಬಹುಳದಲ್ಲಿ ಚಿತ್ತಾ ನಕ್ಷತ್ರದ ದಿನ ನಡೆಯುವ ರಥೋತ್ಸವಕ್ಕೆ ಹಲವು ಜಿಲ್ಲೆಗಳಿಂದಲೂ ಆಂಧ್ರದ ಗಡಿಸೀಮೆಯಿಂದಲೂ ಭಕ್ತರು ಬರುವರು. ಬಿಸಿಲೇರಿದ ಆ ದಿನಗಳಲ್ಲಿ ಕುಡಿಯುವ ನೀರನ್ನು ಹಂಚುವುದು, ತಪ್ಪಿಸಿಕೊಂಡ ಮಕ್ಕಳನ್ನು ವಿಚಾರಣೆಯ ಸ್ಥಾನಕ್ಕೆ ತಲುಪಿಸುವುದು, ವೃದ್ಧರಿಗೆ ದಾರಿ ತೋರುವುದು, ಅಕ್ಷರ ಬಾರದವರಿಗೆ ಬಸ್ಸಿನ ಫಲಕವನ್ನು ಓದಿ ಹೇಳುವುದು, ಎಲೆ ಕಾಗದಗಳನ್ನು ವಿಂಗಡಿಸಿ ಗುಡ್ಡೆ ಮಾಡುವುದು ಇವೆಲ್ಲ ಕಿಶೋರರಿಗೆ ಉಚಿತವಾದ ಕಾರ್ಯಗಳು. ಕಸವು ಕೊಳೆತು ಗೊಬ್ಬರವಾಗುವ ಎಡೆಗೆ ‘ತಿಪ್ಪೆ’ಯೆಂದು ಹೆಸರು, ಆ ಹೆಸರನ್ನೇ ತಾಳಿದ ಸ್ವಾಮಿಗಳ ಸನ್ನಿಧಿಯಲ್ಲಿ ಕಸವಿಂಗಡಣೆಯನ್ನು ಕೀಳು ಕೆಲಸವೆನ್ನುವುದು ಸಲ್ಲದು.

ಜಾತ್ರೆಯಲ್ಲಿ ವರ್ಜ್ಯವಾದುವೂ ಉಂಟು. ಭಕ್ತರು ಹರಕೆಗಾಗಿ ಕೊಬ್ಬರಿ ಸುಡುವ ಬೆಂಕಿಯ ಬಳಿಗೂ, ಚಲಿಸುತ್ತಿರುವ ರಥದ ಗಾಲಿಯ ಬಳಿಗೂ ಬಾಲಸ್ವಯಂಸೇವಕರನ್ನು ನಿಲ್ಲಿಸಬಾರದು; ಆ ಭಾರ ಪೊಲೀಸರದು, ಪ್ರೌಢರದು. ಜಾತ್ರೆಯು ಬರುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳಿನ ಸುಮಾರಿಗೆ, ವಾರ್ಷಿಕ ಪರೀಕ್ಷೆಗಳ ಕಾಲದಲ್ಲಿ. ಆದುದರಿಂದ ಹತ್ತನೆಯ ತರಗತಿಯವರನ್ನೂ ದ್ವಿತೀಯ ಪದವಿಪೂರ್ವದವರನ್ನೂ ಈ ಕಾರ್ಯದಿಂದ ಬಿಡಿಸಿ, ಎಂಟು ಒಂಬತ್ತನೆಯ ತರಗತಿಯವರನ್ನು ಅವರ ಪರೀಕ್ಷೆಯ ದಿನಗಳನ್ನು ನೋಡಿಕೊಂಡು ಸರದಿಯ ಮೇಲೆ ತೊಡಗಿಸುವುದು ಒಳ್ಳೆಯದು.

ಎರಡನೆಯದು ಕೆರೆ. ಹೂಳೆತ್ತುವುದೇ ಕೆರೆಯ ಸೇವೆಯೆಂಬ ಭಾವನೆ ಎಲ್ಲೆಡೆಯೂ ಇದೆ. ಆದರೆ ಹೂಳೆತ್ತುವುದು ಕೂಲಿಯಿಂದ ಜೀವಿಸುವವರ ಹೊಟ್ಟೆಯ ಪಾಡು. ಕೂಲಿ ಕೊಟ್ಟು ಮಾಡಿಸಬೇಕಾದುದನ್ನು ಮಕ್ಕಳಿಂದ ಶ್ರಮದಾನದ ಹೆಸರಿನಲ್ಲಿ ಮಾಡಿಸಿದರೆ, ಒಬ್ಬರ ಕೂಲಿ ತಪ್ಪಿತು, ಇನ್ನೊಬ್ಬರಿಗೆ ಬಿಟ್ಟಿ ಗಂಟುಬಿತ್ತು. ಸ್ವಾಮಿಗಳ ಮರಳಿನ ರಾಶಿಯ ಐತಿಹ್ಯಕ್ಕೆ ಇದು ನೇರವಾಗಿ ವಿರುದ್ಧ. ಕಿಶೋರರಿಗೆ ತಕ್ಕ ಕೆರೆಯ ಕೆಲಸವು ಬೇರೆ ಬಗೆಯದು. ಕೆರೆಗೆ ನೀರು ತರುವ ಹಳ್ಳಗಳಾವುವು, ಅವು ಎಲ್ಲಿ ಮುಚ್ಚಿವೆ, ಏರಿ ತೂಬು ಕೋಡಿಗಳ ಸ್ಥಿತಿ ಹೇಗಿದೆ ಎಂಬುದನ್ನು ಹಿರಿಯರೊಡನೆ ನಡೆದು ನೋಡಿ ನಕ್ಷೆ ಬರೆಯುವುದು. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ದಿನವಹಿ ಬರೆದಿಡುವುದು. ನೆಟ್ಟ ಸಸಿಗೆ ಮೂರು ಬೇಸಗೆ ನೀರೆರೆಯುವುದು. ಹೀಗೆ ಹತ್ತು ವರ್ಷ ಬರೆದಿಟ್ಟ ಮಳೆಯ ಲೆಕ್ಕವು ಊರಿಗೆ ಒಂದು ಆಸ್ತಿಯೇ ಆಗುವುದು.

ಮೂರನೆಯದು ಗೋಸಂಪತ್ತು. ‘ಹಟ್ಟಿ’ ಎಂಬ ಶಬ್ದವೇ ದನಗಳ ನೆಲೆಯನ್ನೂ ಪಶುಪಾಲಕರ ವಾಸವನ್ನೂ ಸೂಚಿಸುತ್ತದೆ. ಈ ಭಾಗದ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುವರು. ಬರಗಾಲದಲ್ಲಿ ಮೇವು ಸಿಕ್ಕದೆ ಅವಕ್ಕೆ ಬರುವ ಕಷ್ಟವು ಹೇಳತೀರದು. ಸುಗ್ಗಿಯ ಕಾಲದಲ್ಲಿ ಮನೆಮನೆಯಿಂದ ಮೇವನ್ನು ಸಂಗ್ರಹಿಸಿ ಬಣವೆ ಒಟ್ಟಿಡಲು ನೆರವಾಗುವುದು ನಿಜವಾದ ಭಿಕ್ಷಾಟನೆ. ಇದರ ಕ್ರಮವನ್ನು ಕಿಲಾರಿಯಿಂದಲೇ ಕೇಳಿ ತಿಳಿಯಬೇಕು. ಅವನ ನೇಮಗಳಿಗೆ ಭಂಗ ಬರದಂತೆ ನಡೆದುಕೊಳ್ಳಬೇಕು.

ನಾಲ್ಕನೆಯದು ಅಕ್ಷರ. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ಸ್ವಯಂಸೇವಕರನ್ನೇ ನೆಚ್ಚಿದುದು. ವಿದ್ಯಾರ್ಥಿಗಳೂ ಅದರಲ್ಲಿ ಬೋಧಕರಾಗಬಹುದು. ತನ್ನ ಬೀದಿಯ ಒಬ್ಬ ಅಜ್ಜಿಗೆ ಸಹಿ ಹಾಕುವುದನ್ನೂ, ಪಡಿತರ ಚೀಟಿಯನ್ನು ಓದುವುದನ್ನೂ ಕಲಿಸಿದ ಬಾಲಿಕೆಯ ಕೆಲಸವು ನೂರು ಮಂದಿಯ ಮೆರವಣಿಗೆಗಿಂತ ಮೇಲು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಕಿರಿಯ ಮಕ್ಕಳಿಗೆ ಕಥೆ ಓದಿ ಹೇಳುವುದೂ ಇದೇ ವರ್ಗಕ್ಕೆ ಸೇರುವುದು.

ಐದನೆಯದು ಸಾಹಿತ್ಯೋಪಾಧ್ಯಾಯರಿಗೆ ವಿಶೇಷವಾಗಿ ಸಂಬಂಧಿಸಿದುದು. ಚಳ್ಳಕೆರೆ ತಾಲ್ಲೂಕಿನ ತಳುಕು ಆಚಾರ್ಯ ಟಿ. ಎಸ್. ವೆಂಕಣ್ಣಯ್ಯನವರ ಊರು. ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವನ್ನರಿಯದೆಯೇ ಸಾವಿರಾರು ಹಾಡುಗಳನ್ನು ಕಂಠಸ್ಥವಾಗಿ ಉಳಿಸಿದ್ದಳು; ಕೃಷ್ಣಮೂರ್ತಿ ಹನೂರರು ಅವುಗಳನ್ನು ಸಂಗ್ರಹಿಸದಿದ್ದರೆ ಆ ರಾಶಿಯು ಆಕೆಯೊಡನೆಯೇ ಅಳಿಯುತ್ತಿತ್ತು. ಹಟ್ಟಿಹಟ್ಟಿಯಲ್ಲಿಯೂ ಇನ್ನೂ ಹಾಡುವ, ಕಥೆ ಹೇಳುವ, ಮಳೆ ನಕ್ಷತ್ರಗಳ ಗಾದೆಗಳನ್ನರಿತ ವೃದ್ಧರಿದ್ದಾರೆ. ಮೊಮ್ಮಗಳು ಅಜ್ಜಿಯ ಬಳಿ ಕುಳಿತು ಬರೆದುಕೊಳ್ಳುವಾಗ ಅಲ್ಲಿ ನಡೆಯುವುದು ಶುಶ್ರೂಷೆಯ ಮೂಲಾರ್ಥವಾದ ಶ್ರವಣವೇ. ಹಾಡಿದವರ ಒಪ್ಪಿಗೆಯನ್ನು ಪಡೆದು, ಅವರ ಹೆಸರು, ಊರು, ದಿನಾಂಕಗಳನ್ನು ಬರೆದು, ಉಚ್ಚಾರಣೆಯನ್ನು ತಿದ್ದದೆ ಇದ್ದಂತೆಯೇ ದಾಖಲಿಸಿ, ಒಂದು ಪ್ರತಿಯನ್ನು ಆ ಮನೆಯಲ್ಲಿಯೂ ಇನ್ನೊಂದನ್ನು ಶಾಲೆಯಲ್ಲಿಯೂ ಇರಿಸಬೇಕು.

೫. ಸೇವೆಯ ಪರೀಕ್ಷೆ

ಭಾರತ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿಯನ್ನು ನಿಷೇಧಿಸಿದೆ. ಸಾರ್ವಜನಿಕ ಉದ್ದೇಶಕ್ಕಾಗಿ ಸರಕಾರವು ಕಡ್ಡಾಯ ಸೇವೆಯನ್ನು ವಿಧಿಸಬಹುದಾದರೂ, ಮತ, ಜನಾಂಗ, ಜಾತಿ, ವರ್ಗಗಳ ಕಾರಣದಿಂದ ಮಾತ್ರವೇ ಭೇದ ಮಾಡಕೂಡದೆಂದು ಅದೇ ಅನುಚ್ಛೇದವು ಹೇಳುತ್ತದೆ. ಈ ವಿಧಿಯನ್ನು ಶಾಲೆಯ ಅಂಗಳಕ್ಕೆ ಅನ್ವಯಿಸಿ ನೋಡಬೇಕು. ಹಿಂದೆ ಹಳ್ಳಿಗಳಲ್ಲಿ ಬಿಟ್ಟಿಯ ಭಾರವು ಕೆಲವೇ ಕೇರಿಗಳ ಮೇಲೆ ಬೀಳುತ್ತಿತ್ತು. ಇಂದು ಸೇವೆಯ ಹೆಸರಿನಲ್ಲಿ ಪೊರಕೆಯನ್ನು ಆ ಕೇರಿಗಳ ಮಕ್ಕಳ ಕೈಗೂ, ಧ್ವನಿವರ್ಧಕವನ್ನು ಉಳಿದವರ ಕೈಗೂ ಕೊಟ್ಟರೆ, ಅಥವಾ ಅಡಿಗೆ ಬಡಿಸುವ ಕೆಲಸವೆಲ್ಲ ಹುಡುಗಿಯರಿಗೂ ನಾಯಕತ್ವವೆಲ್ಲ ಹುಡುಗರಿಗೂ ಸಂದರೆ, ಹಳೆಯ ವಿಷ್ಟಿಯೇ ಹೊಸ ಸಮವಸ್ತ್ರವನ್ನುಟ್ಟು ಬಂದಂತಾಗುವುದು. ಸರದಿಯ ಪಟ್ಟಿಯಲ್ಲಿ ಎಲ್ಲರ ಹೆಸರೂ ಎಲ್ಲ ಕೆಲಸದ ಮುಂದೆಯೂ ಬರುವಂತೆ ಮಾಡುವುದು ಉಪಾಧ್ಯಾಯನ ಮೊದಲನೆಯ ಹೊಣೆ.

ಅಂಕಗಳಿಗಾಗಿ, ಪ್ರಮಾಣಪತ್ರಕ್ಕಾಗಿ ಮಾಡಿದ ಸೇವೆ ಸೇವೆಯೇ ಎಂಬ ಆಕ್ಷೇಪವುಂಟು. ಪ್ರಮಾಣಪತ್ರದ ಆಸೆಯಿಂದ ಬಂದವನೂ ಕೆಲಸದ ರುಚಿ ಹತ್ತಿ ನಿಲ್ಲುವುದುಂಟಾದ್ದರಿಂದ ಅದನ್ನು ಸರ್ವಥಾ ನಿಂದಿಸಬೇಕಾಗಿಲ್ಲ. ವ್ಯಾಕರಣದಲ್ಲಿ ‘ಸೇವತೇ’, ‘ಶುಶ್ರೂಷತೇ’ ಎಂಬೆರಡೂ ಆತ್ಮನೇಪದಗಳು. ಕ್ರಿಯೆಯ ಫಲವು ಕರ್ತನಿಗೆ ಸಲ್ಲುವಲ್ಲಿ ಆತ್ಮನೇಪದವೆಂಬ ಸಾಮಾನ್ಯ ನಿಯಮವು ಈ ಧಾತುಗಳಿಗೆ ಕಾರಣವಲ್ಲದಿದ್ದರೂ, ಸೇವಕನಿಗೂ ಫಲವುಂಟೆಂಬುದನ್ನು ಸ್ಮರಿಸಲು ಅದೊಂದು ನೆಪವಾಗಬಹುದು. ದೋಷವಿರುವುದು ಮಾಡದ ಗಂಟೆಗಳನ್ನು ಮಾಡಿದುವೆಂದು ಬರೆಯುವುದರಲ್ಲಿ. ಅಲ್ಲಿ ‘ಮಾಡಿದಷ್ಟು’ ಎಂಬ ಅಳತೆಯೇ ಮುರಿಯುವುದು.

ಹೀಗಾಗಿ ಯಾವ ಕೆಲಸವನ್ನಾದರೂ ಒಪ್ಪುವ ಮೊದಲು ಐದು ಪ್ರಶ್ನೆಗಳನ್ನು ಕೇಳಬೇಕು. ಈ ಕೆಲಸವನ್ನು ಬೇಡಿದವರು ಅದರಿಂದ ಉಪಕೃತರಾಗುವವರೇ? ಇದರಿಂದ ಯಾರ ಕೂಲಿಯೂ ತಪ್ಪುವುದಿಲ್ಲವೇ? ತಂದೆತಾಯಿಗಳ ಅನುಮತಿಯೂ, ಜೊತೆಗೆ ಹೊಣೆಯರಿತ ಹಿರಿಯರೊಬ್ಬರೂ ಉಂಟೇ? ಬೆಂಕಿ, ಆಳವಾದ ನೀರು, ಯಂತ್ರ, ರಾತ್ರಿಯ ಸಂಚಾರ ಇವುಗಳ ಅಪಾಯವಿಲ್ಲವೇ? ಒಲ್ಲೆನೆಂದ ವಿದ್ಯಾರ್ಥಿಯು ದಂಡನೆಯಿಲ್ಲದೆ ಹಿಂದೆ ಸರಿಯಬಹುದೇ? ಐದಕ್ಕೂ ಹೌದೆಂಬ ಉತ್ತರವು ಬಂದರೆ ಕೆಲಸವು ಗ್ರಾಹ್ಯ. ಕೊನೆಯದಕ್ಕೆ ಇಲ್ಲವೆಂದು ಬಂದರೆ, ಉಳಿದ ನಾಲ್ಕು ಸರಿಯಾಗಿದ್ದರೂ ಅದು ಬಿಟ್ಟಿಯೇ.

ನಾಯಕನಹಟ್ಟಿಯ ಸುತ್ತಣ ಶಾಲೆಗಳಲ್ಲಿ ಇದನ್ನು ಆಚರಣೆಗೆ ತರಲು ಹೆಚ್ಚಿನ ಹಣವು ಬೇಕಾಗಿಲ್ಲ. ಜೂನ್ ತಿಂಗಳಿನಲ್ಲಿ ಶಾಲೆ ತೆರೆದೊಡನೆ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ತಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ, ಊರಿಗೆ ಏನು ಬೇಕೆಂದು ಕೇಳಿ ಬರೆದು ತರಲಿ. ಆ ಬರಹಗಳನ್ನು ತರಗತಿಯಲ್ಲಿ ಓದಿ, ಮೇಲಿನ ಐದು ಪ್ರಶ್ನೆಗಳಿಂದ ಶೋಧಿಸಿ, ಒಂದು ವರ್ಷದಲ್ಲಿ ಮುಗಿಸಬಹುದಾದ ಎರಡು ಕೆಲಸಗಳನ್ನು ಮಾತ್ರ ಆರಿಸಿಕೊಳ್ಳಲಿ. ಮಾಡಿದ ದಿನ, ಗಂಟೆ, ಮಾಡಿದವರ ಹೆಸರು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದು, ಯುಗಾದಿಯ ಹೊತ್ತಿಗೆ ಅದೇ ಹತ್ತು ಮನೆಗಳವರಿಗೆ ಓದಿ ಹೇಳಲಿ. ಕೆಲಸವು ಸರಿಯಾಯಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಅಧಿಕಾರವು ಆ ಮನೆಗಳವರದು.